ಲೋಕಲ್ ಐಡಿಗೆ ರೂಮ್ ಇಲ್ಲ

ರಾತ್ರಿ ಎಂಟೂವರೆ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಿಂದ ಸ್ವಲ್ಪ ದೂರದಲ್ಲಿ ಒಂದು ಲಾಡ್ಜು. ಬೆನ್ನ ಮೇಲೆ ಏಳು ಕೆ.ಜಿ. ಬ್ಯಾಗು, ಕಾಲಲ್ಲಿ ಮರವಂತೆಯ ಮರಳು ಇನ್ನೂ ಉದುರದ ಚಪ್ಪಲಿ. ಕೌಂಟರಿನಲ್ಲಿದ್ದ ಹುಡುಗ ನಗುನಗುತ್ತಲೇ ಮಾತಾಡಿದ. ರೂಮ್ ಇದೆ, ಫ್ಯಾನ್ ಇದೆ, ಬಿಸಿನೀರು ಬೆಳಿಗ್ಗೆ ಮಾತ್ರ ಅಂದ. ನಾನು ಆಧಾರ್ ಕೊಟ್ಟೆ. ಅವನು ಮುಂಭಾಗ ನೋಡಿ, ತಿರುಗಿಸಿ ಹಿಂಭಾಗದ ವಿಳಾಸ ನೋಡಿದ. ನಗು ನಿಂತಿತು.

"ಸಾರಿ ಸರ್, ಲೋಕಲ್ ಐಡಿಗೆ ರೂಮ್ ಕೊಡುದಿಲ್ಲ."

ಮೂವತ್ತೆಂಟು ದಿನ ಭಾರತ ಸುತ್ತಿ ಬಂದವನು ನಾನು. ಕಾಶಿಯಲ್ಲಿ ಹಾಸಿಗೆ ಸಿಕ್ಕಿತ್ತು, ಜೋಧಪುರದಲ್ಲಿ ಸಿಕ್ಕಿತ್ತು, ಕೋಲ್ಕತ್ತಾದಲ್ಲಿ ಮಧ್ಯರಾತ್ರಿ ಒಂದು ಗಂಟೆಗೆ ಸಿಕ್ಕಿತ್ತು. ಸಿಗದೇ ಹೋದದ್ದು ನನ್ನ ಸ್ವಂತ ಊರಲ್ಲಿ. ಅದೂ ನಾನು ಈ ಊರಿನವನು ಅನ್ನುವ ಒಂದೇ ಕಾರಣಕ್ಕೆ!

ಈ ಅಂಕಣದ ಹಿಂದಿನ ಕಂತುಗಳಲ್ಲಿ ಬ್ಯಾಗು ಹೊತ್ತು ತಿರುಗಿದ ಊರುಗಳ ಬಗ್ಗೆ ಬರೆದಿದ್ದೆ. "ನಿಮ್ಮೂರಿನ ಬಗ್ಗೆ ಯಾವಾಗ ಬರೀತೀರಿ?" ಅಂತ ಹಲವರು ಕೇಳಿದ್ದಿರಿ. ತಪ್ಪಿಸಿಕೊಳ್ಳುತ್ತಾ ಬಂದಿದ್ದೆ. ಇವತ್ತು ಬರೆದುಬಿಡ್ತೀನಿ.

ಹದಿನಾಲ್ಕು ಕೆ.ಜಿ. ಏಳಾದದ್ದು

ಹೊಸ ಓದುಗರಿಗೆ ಚಿಕ್ಕ ಫ್ಲ್ಯಾಶ್‌ಬ್ಯಾಕ್. ಹಳೇ ಕಂಪನಿಗೂ ಹೊಸ ಕಂಪನಿಗೂ ನಡುವೆ ಒಂದೂವರೆ ತಿಂಗಳು ಸಿಕ್ಕಿತ್ತು. ಬೆಂಗಳೂರಿನಿಂದ ಹೊರಟಾಗ ಬ್ಯಾಗಿನ ತೂಕ ಹದಿನಾಲ್ಕು ಕೆ.ಜಿ. ಅದರಲ್ಲಿ ಮೂರು ಜೀನ್ಸ್, ಒಂದು ಹೇರ್ ಡ್ರೈಯರ್ (ಕೇಳಬೇಡಿ), ಓದದೇ ವಾಪಸ್ ತಂದ ಎರಡು ಪುಸ್ತಕ. ಐದನೇ ದಿನ ಭುಜ ಹಿಡಿದುಕೊಂಡಿತು. ಒಂಬತ್ತನೇ ದಿನ ಅರ್ಧ ಸಾಮಾನು ಅಂಚೆಯಲ್ಲಿ ಮನೆಗೆ ಕಳಿಸಿದೆ. ಆಮೇಲೆ ಯಾವುದಕ್ಕೂ ಕೊರತೆ ಆಗಲಿಲ್ಲ.

ಬ್ಯಾಕ್‌ಪ್ಯಾಕಿಂಗ್ ಅಂದರೆ ಇನ್‌ಸ್ಟಾಗ್ರಾಮಿನಲ್ಲಿ ಬೆಟ್ಟದ ತುದಿ, ಕೈಯಲ್ಲಿ ಕಾಫಿ ಮಗ್ಗು. ನಿಜದಲ್ಲಿ ಏನು? ಹನ್ನೆರಡು ಜನರ ಡಾರ್ಮಿಟರಿಯಲ್ಲಿ ಒಬ್ಬನ ಗೊರಕೆ, ಇನ್ನೊಬ್ಬನ ಐದು ಗಂಟೆಯ ಅಲಾರಂ, ಒಣಗದ ಟವೆಲ್ಲು, ಎಂಟು ಪರ್ಸೆಂಟಿಗೆ ಬಂದ ಫೋನು, ಒಂದೇ ಪ್ಲಗ್ ಪಾಯಿಂಟಿಗೆ ಕ್ಯೂ. ಹೊಟ್ಟೆ ಕೆಟ್ಟ ದಿನ ರೈಲಿನಲ್ಲಿದ್ದರಂತೂ ಮುಗಿಯಿತು, ಆ ದಿನದ ಬಗ್ಗೆ ಒಂದು ಇಡೀ ಕಂತು ಬರೆದಿದ್ದೇನೆ, ಮತ್ತೆ ಬೇಡ.

ಕಾಶಿಯ ಹಾಸ್ಟೆಲ್ಲಿನಲ್ಲಿ ಒಬ್ಬ ವಿದೇಶಿ ಹುಡುಗ ಸಿಕ್ಕಿದ್ದ. ಹಿಂದಿನ ರಾತ್ರಿ ಅವನಿಗೆ ಮೂರು ಲಾಡ್ಜಿನಲ್ಲಿ ರೂಮ್ ಇಲ್ಲ ಅಂದಿದ್ದರಂತೆ. ಕಾರಣ ಫಾರ್ಮ್ ಸಿ. ವಿದೇಶಿಯರನ್ನು ಉಳಿಸಿಕೊಂಡ ಲಾಡ್ಜಿನವರು ಅವರ ವಿವರವನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಸರ್ಕಾರಕ್ಕೆ ಕೊಡಬೇಕು. ಆ ತಲೆನೋವೇ ಬೇಡ ಅಂತ ಸಣ್ಣ ಲಾಡ್ಜುಗಳು ಬಾಗಿಲಲ್ಲೇ ಕೈಮುಗಿಯುತ್ತವೆ. ಅವನಿಗೆ ನಾನು ಸಮಾಧಾನ ಹೇಳಿದ್ದೆ. "ನನ್ನ ಊರಿಗೆ ಬಾ, ಅಲ್ಲಿ ಹೀಗೆಲ್ಲ ಆಗಲ್ಲ" ಅಂತ. ಪುಣ್ಯಕ್ಕೆ ಅವನು ಬರಲಿಲ್ಲ.

ನಿಜವಾದ ಬ್ಯಾಕ್‌ಪ್ಯಾಕರ್‌ಗಳು

ಆ ತಿರುಗಾಟದಲ್ಲಿ ನನಗೆ ಅತಿ ದೊಡ್ಡ ಸರ್‌ಪ್ರೈಸ್ ಆದದ್ದು ಮುಂಬೈಯಲ್ಲಿ. ಮಾಟುಂಗಾದಲ್ಲಿ ಒಂದು ಹೋಟೆಲ್ಲಿಗೆ ಹೋಗಿ ಹಿಂದಿಯಲ್ಲಿ ಇಡ್ಲಿ ಆರ್ಡರ್ ಮಾಡಿದೆ. ಕ್ಯಾಶ್ ಕೌಂಟರಿನ ಹಿರಿಯರು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದರು, "ನಾಳಿಗ್ ಬತ್ತೆ ಅಂದ್ಯಲ್ಲ ಮರಾಯ, ಎಂತಕ್ಕೆ ಬರ್ಲಿಲ್ಲ?" ಅಂತ. ಕೈಯಲ್ಲಿದ್ದ ಇಡ್ಲಿ ಅಲ್ಲೇ ನಿಂತಿತು. ಒಂದು ತಿಂಗಳಿಂದ ಆ ಭಾಷೆ ಕಿವಿಗೆ ಬಿದ್ದಿರಲಿಲ್ಲ.

ಕುಂದಾಪುರ, ಬೈಂದೂರು, ಕೋಟದ ಕಡೆಯವರಿಗೆ ಈ ಕಥೆ ಹೊಸದಲ್ಲ. ನೀವು ಬೆಂಗಳೂರಿನಲ್ಲಿ ಆಫೀಸ್ ಪಕ್ಕದ ಬೇಕರಿಯಲ್ಲಿ ಟೀ ಕುಡಿಯುತ್ತೀರಲ್ಲ, ಅಲ್ಲಿ ಹಾಲು ಕಾಯಿಸುವವನ ಊರು ಕೇಳಿ ನೋಡಿ. ಉಪ್ಪುಂದ, ನಾಗೂರು, ನಾವುಂದ, ಶಿರೂರು ಅಂತ ಉತ್ತರ ಬರುವ ಸಾಧ್ಯತೆ ಜಾಸ್ತಿ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಹೊರಟ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಸಣ್ಣ ಹೋಟೆಲ್ಲೇ ಇವತ್ತಿನ ಎಂಟಿಆರ್. ಅವರದ್ದು ಗೆದ್ದ ಕಥೆ, ಹಾಗಾಗಿ ನಮಗೆ ಗೊತ್ತು. ಅವರ ಹಿಂದೆ ಮುಂದೆ ಸಾವಿರಾರು ಹುಡುಗರು ಹನ್ನೆರಡು, ಹದಿಮೂರು ವರ್ಷಕ್ಕೇ ಬಟ್ಟೆಯ ಗಂಟು ಕಟ್ಟಿಕೊಂಡು ಹೋದರು, ಲೋಟ ತೊಳೆದರು, ಅಡುಗೆಮನೆಯ ಮೂಲೆಯಲ್ಲಿ ಗೋಣಿ ಹಾಸಿ ಮಲಗಿದರು.

ನನ್ನ ಅಜ್ಜಯ್ಯ ಅವರಲ್ಲಿ ಒಬ್ಬರು. ಹುಬ್ಬಳ್ಳಿಗೆ ಹೋದರು, ಅಲ್ಲಿಂದ ಮುಂಬೈಗೆ. ಹನ್ನೊಂದು ವರ್ಷ ಆದಮೇಲೆ ವಾಪಸ್ ಬಂದು ಹೆಮ್ಮಾಡಿಗೂ ಮರವಂತೆಗೂ ನಡುವೆ ಹೆದ್ದಾರಿ ಪಕ್ಕ ಒಂದು ಚಾ ಹೋಟೆಲ್ ಹಾಕಿದರು. ಹಂಚಿನ ಮಾಡು, ನಾಲ್ಕು ಬೆಂಚು, ಬನ್ಸು, ಗೋಳಿಬಜೆ, ಚಾ. ಹೆದ್ದಾರಿ ಚತುಷ್ಪಥ ಆಗುವಾಗ ಹೋಟೆಲ್ ಹೋಯಿತು. ಪರಿಹಾರ ಬಂತು. ಪರಿಹಾರದ ಹಿಂದೆಯೇ ಪಾಲು ಬಂತು. ಪಾಲಿನ ಹಿಂದೆ ಜಗಳ ಬಂತು. ಅಪ್ಪ ತಮ್ಮ ಪಾಲಿನ ಮನೆ ಮಾರಿ ಅಮ್ಮನ ಜೊತೆ ನನ್ನ ಬೆಂಗಳೂರಿನ ಫ್ಲ್ಯಾಟಿಗೆ ಬಂದರು. ಚಿಕ್ಕಪ್ಪನ ಜೊತೆ ಮಾತು ನಿಂತು ಆರು ವರ್ಷ.

ಅಂದರೆ ನನಗೆ ಊರಿದೆ, ಊರಲ್ಲಿ ಮನೆ ಇಲ್ಲ. ನನ್ನ ಆಧಾರ್ ಕಾರ್ಡಿನಲ್ಲಿ ಮಾತ್ರ ಇದೆ. ಅಮ್ಮ ಎಷ್ಟೋ ಸಲ ಹೇಳಿದ್ದಾರೆ, "ಆ ಅಡ್ರೆಸ್ ಒಂದ್ ಬದ್ಲಿಸ್ ಮಗಾ" ಅಂತ. ನಾನು ಬದಲಿಸಿರಲಿಲ್ಲ.

ಮಾಟುಂಗಾದ ಇಡ್ಲಿ ಮುಗಿಸಿ ಕೈ ತೊಳೆಯುವಾಗ ತೀರ್ಮಾನ ಮಾಡಿದೆ. ಉಳಿದ ಐದು ದಿನ ಗೋವಾ ಅಲ್ಲ, ಊರು. ಅದೂ ಕಾರಿನಲ್ಲಲ್ಲ, ಬ್ಯಾಗು ಹೊತ್ತುಕೊಂಡು, ಯಾರ ಮನೆಗೂ ಹೋಗದೆ, ಪ್ರವಾಸಿಗನ ಹಾಗೆ. ಅಮ್ಮನಿಗೆ ಗೋವಾ ಅಂತಲೇ ಹೇಳಿದೆ.

ಬೈಂದೂರು, ಬೆಳಗಿನ ಜಾವ

ಮತ್ಸ್ಯಗಂಧ ಎಕ್ಸ್‌ಪ್ರೆಸ್ ನನ್ನನ್ನು ಬೈಂದೂರಿನಲ್ಲಿ ಇಳಿಸಿದಾಗ ಇನ್ನೂ ಕತ್ತಲು. ಸ್ಟೇಷನ್ನಿನ ಬೋರ್ಡು 'ಮೂಕಾಂಬಿಕಾ ರೋಡ್ ಬೈಂದೂರು'. ಇಳಿದವರಲ್ಲಿ ಅರ್ಧಕ್ಕರ್ಧ ಕೊಲ್ಲೂರಿಗೆ ಹೋಗುವವರು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ, ನಾನು ಅಂಗನವಾಡಿಗೆ ಹೋಗುತ್ತಿದ್ದಾಗ. ಅದಕ್ಕೂ ಮೊದಲು ಮುಂಬೈಗೆ ಹೋಗುವುದು ಅಂದರೆ ಬಸ್ಸಿನಲ್ಲಿ ಹಗಲೂ ರಾತ್ರಿ. ಅಜ್ಜಯ್ಯನ ಕಾಲದಲ್ಲಂತೂ ಹೊಳೆ ಹೊಳೆಗೂ ದೋಣಿ.

ಜನವರಿ ತಿಂಗಳು. ಚಳಿ ಇರುತ್ತದೆ ಅಂತ ಜಾಕೆಟ್ ಹಾಕಿಕೊಂಡಿದ್ದೆ. ಎಂಟು ಗಂಟೆಗೆ ಒತ್ತಿನೆಣೆ ಗುಡ್ಡ ಹತ್ತುವಾಗ ಜಾಕೆಟ್ ಸೊಂಟಕ್ಕೆ, ಹತ್ತು ಗಂಟೆಗೆ ಬ್ಯಾಗಿಗೆ. ಕರಾವಳಿಯ ಸೆಕೆಗೆ ಹುಟ್ಟಿದ ಮೈಯಾದರೂ ಎಂಟು ವರ್ಷದ ಬೆಂಗಳೂರು ಅದನ್ನು ಮರೆಸಿಬಿಟ್ಟಿತ್ತು. ಆದರೆ ಮೇಲೆ ನಿಂತು ಕೆಳಗೆ ನೋಡಿದರೆ ಸೋಮೇಶ್ವರದ ಕಡಲು, ಅದಕ್ಕೆ ಬಂದು ಸೇರುವ ಹೊಳೆ, ಬಂಡೆ, ತೆಂಗು. ಚಿಕ್ಕವನಿದ್ದಾಗ ಇಲ್ಲಿಂದ ಬಸ್ಸಿನಲ್ಲಿ ನೂರು ಸಲ ಹೋಗಿರಬಹುದು. ಇಳಿದು ನೋಡಿದ್ದು ಇದೇ ಮೊದಲು. ಪ್ರವಾಸಿಗನಾಗದೆ ಸ್ವಂತ ಊರು ಕಾಣುವುದಿಲ್ಲ ಅಂತ ಕಾಣುತ್ತದೆ.

ಮಧ್ಯಾಹ್ನ ಕೊಲ್ಲೂರು. ಅಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆ ಮಲಯಾಳಂನಲ್ಲಿ. ಕೇರಳದವರು ಅಷ್ಟು ಬರುತ್ತಾರೆ. ಬೋರ್ಡುಗಳೂ ಮಲಯಾಳಂ, ಅಂಗಡಿಯವರ ಬಾಯಲ್ಲೂ ಮಲಯಾಳಂ. ಬ್ಯಾಗು, ಗಡ್ಡ ನೋಡಿ ನನ್ನನ್ನೂ ಅಲ್ಲಿಯವನೇ ಅಂದುಕೊಂಡರು. ರಾತ್ರಿ ಡಾರ್ಮಿಟರಿಯಲ್ಲಿ ಮಲಗಿದೆ. ಇಲ್ಲಿ ಬೈಂದೂರು ತಾಲೂಕು, ನನ್ನ ಆಧಾರಿನಲ್ಲಿ ಕುಂದಾಪುರ ತಾಲೂಕು. ಬೈಂದೂರು, ಬ್ರಹ್ಮಾವರ ಎರಡೂ ಬೇರೆ ತಾಲೂಕುಗಳಾದದ್ದು 2018ರಲ್ಲಿ. ಆ ವಿಂಗಡಣೆಯಿಂದ ನನಗಾದ ಏಕೈಕ ಲಾಭ ಆ ರಾತ್ರಿಯ ಹಾಸಿಗೆ ಅಂತ ಆಮೇಲೆ ಗೊತ್ತಾಯಿತು.

ಮರುದಿನ ಕೊಡಚಾದ್ರಿ. 1343 ಮೀಟರ್ ಎತ್ತರ, ಮೇಲೆ ಶಂಕರಾಚಾರ್ಯರ ಹೆಸರಿನ ಸರ್ವಜ್ಞ ಪೀಠದ ಕಲ್ಲಿನ ಗುಡಿ. ಎಲ್ಲರೂ ಬೆಟ್ಟದ ಬಗ್ಗೆ ಬರೆಯುತ್ತಾರೆ, ನಾನು ಜೀಪಿನ ಬಗ್ಗೆ ಬರೆಯುತ್ತೇನೆ. ಕೊಲ್ಲೂರಿನಿಂದ ಶೇರಿಂಗ್ ಜೀಪು ಹೋಗುತ್ತದೆ. ಒಬ್ಬನೇ ಬಂದವನಿಗೆ ಜೀಪು ತುಂಬುವ ತನಕ ಕಾಯುವುದೇ ಪ್ರವಾಸದ ಮೊದಲ ಭಾಗ. ಒಂದೂಕಾಲು ಗಂಟೆ ಕಾದೆ. ಕೊನೆಗೆ ಪಾಲಕ್ಕಾಡಿನ ಒಂದು ಕುಟುಂಬ ಬಂತು. ಕೊನೆಯ ಕೆಲವು ಕಿಲೋಮೀಟರು ರಸ್ತೆಯೇ ಅಲ್ಲ, ಕಲ್ಲಿನ ಮೆಟ್ಟಿಲು. ಬೆನ್ನುಮೂಳೆಯ ಒಂದೊಂದು ಮಣಿಗೂ ಬೇರೆ ಬೇರೆ ಹೆಸರಿಡಬಹುದು, ಅಷ್ಟು ಪರಿಚಯ ಆಗುತ್ತದೆ. ಪಾಲಕ್ಕಾಡಿನ ಅಜ್ಜಿ ಮಾತ್ರ ಕಬ್ಬಿಣದ ಸರಳು ಹಿಡಿದು ಕೂತು ನನಗೆ ಬಾಳೆಕಾಯಿ ಚಿಪ್ಸ್ ಕೊಡುತ್ತಲೇ ಇದ್ದರು. ಭಾಷೆ ಬಾರದೆ ಹೋದರೂ ಇಳಿಯುವ ಹೊತ್ತಿಗೆ ನನಗೆ ಮದುವೆ ಆಗಿಲ್ಲ ಅನ್ನುವುದು ಅವರಿಗೆ ಗೊತ್ತಾಗಿತ್ತು!

ಇಲ್ಲದ ಹೋಟೆಲ್ಲಿನ ಸ್ಟಾಪು

ಮೂರನೇ ದಿನ ಮರವಂತೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಫೋಟೊದಲ್ಲಿ ನೋಡಿರುತ್ತೀರಿ. ಫೋಟೊದಲ್ಲಿ ಕಾಣದ್ದು ಲಾರಿಗಳು. ಬ್ಯಾಗು ಹೊತ್ತು ನಡೆಯುವವನಿಗೆ ಅಲ್ಲಿ ಸರಿಯಾದ ಫುಟ್‌ಪಾತ್ ಇಲ್ಲ. ಗ್ಯಾಸ್ ಟ್ಯಾಂಕರ್ ಪಕ್ಕದಲ್ಲಿ ಹೋದರೆ ಆ ಗಾಳಿಗೆ ಬ್ಯಾಗು ಸಮೇತ ಒಂದು ಹೆಜ್ಜೆ ಆಚೆ ಹೋಗುತ್ತೀರಿ. ಸಮುದ್ರದ ಬದಿಯಲ್ಲಿ ನೀರಿಗೆ ಇಳಿಯಲು ಹೋಗಬೇಡಿ, ಮರವಂತೆಯ ಕಡಲು ನೋಡಲಿಕ್ಕೆ ಮಾತ್ರ ಸಾಧು.

ಸೌಪರ್ಣಿಕಾ ಕೊಡಚಾದ್ರಿಯ ಬದಿಯಿಂದ ಹುಟ್ಟಿ ಕೊಲ್ಲೂರು ದಾಟಿ ಬರುತ್ತದೆ. ಮರವಂತೆಯಲ್ಲಿ ಕಡಲಿಗೆ ಕಲ್ಲೆಸೆತದಷ್ಟು ಹತ್ತಿರ ಬಂದು, ಸೇರದೆ ತಿರುಗಿ, ಉಳಿದ ಹೊಳೆಗಳ ಜೊತೆ ಗಂಗೊಳ್ಳಿಯ ಅಳಿವೆಯಲ್ಲಿ ಸೇರುತ್ತದೆ. ಶಾಲೆಯಲ್ಲಿ ಮೇಷ್ಟ್ರು ಇದನ್ನು ಹೇಳಿದಾಗ "ಇಷ್ಟ್ ಹತ್ರ ಬಂದ್ ಎಂತಕ್ಕೆ ತಿರ್ಗುದ್?" ಅಂತ ಕೇಳಿದ್ದೆ. ಈಗ ನಾನೇ ಮೂರು ದಿನದಿಂದ ಹಾಗೆ ಮಾಡುತ್ತಿದ್ದೆ.

ತ್ರಾಸಿಯಲ್ಲಿ ಕುಂದಾಪುರದ ಬಸ್ ಹತ್ತಿದೆ. ನಮ್ಮ ಕಡೆ ಇವತ್ತಿಗೂ ಖಾಸಗಿ ಬಸ್ಸುಗಳದ್ದೇ ರಾಜ್ಯ. ಸ್ಟಾಪುಗಳಿಗೆ ಅಲ್ಲಿನ ಅಂಗಡಿ, ಮರ, ಶಾಲೆ, ಮನೆಯ ಹೆಸರು. ಗೂಗಲ್ ಮ್ಯಾಪಿಗೆ ಅದ್ಯಾವುದೂ ಗೊತ್ತಿಲ್ಲ. ಕಿಟಕಿ ಪಕ್ಕ ಕೂತಿದ್ದೆ, ಮುಖ ಆಚೆ ತಿರುಗಿಸಿಕೊಂಡು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿ ಕೂಗಿದ:

"ಹಳೆ ಹೋಟ್ಲ್! ಹಳೆ ಹೋಟ್ಲ್ ಯಾರ್ ಇಳುದ್?"

ಅಲ್ಲಿ ಹೋಟೆಲ್ ಇಲ್ಲ. ಡಿವೈಡರ್ ಇದೆ, ಸರ್ವಿಸ್ ರಸ್ತೆ ಇದೆ, ಒಂದು ಸಿಮ್ ಕಾರ್ಡಿನ ಕೊಡೆ ಇದೆ. ಕಂಡಕ್ಟರಿಗೆ ಇಪ್ಪತ್ತೆರಡು ವರ್ಷ ಇರಬಹುದು, ಆ ಹೋಟೆಲ್ಲನ್ನು ಅವನು ನೆಟ್ಟಗೆ ನೋಡಿಯೂ ಇರಲಿಕ್ಕಿಲ್ಲ. ಒಬ್ಬ ಹೆಂಗಸು ಮೀನಿನ ಬುಟ್ಟಿ ಹಿಡಿದು ಇಳಿದರು, ಇಬ್ಬರು ಕಾಲೇಜು ಹುಡುಗಿಯರು ಇಳಿದರು. ನಾನು ಇಳಿಯಲಿಲ್ಲ. ಬಸ್ಸು ಹೊರಟಿತು. ಹೆಮ್ಮಾಡಿ ಬರುವ ತನಕ ಫೋನು ನೋಡುತ್ತಾ ಕೂತೆ, ಏನು ನೋಡಿದೆ ಅಂತ ನೆನಪಿಲ್ಲ.

ಹೆಮ್ಮಾಡಿಯಲ್ಲಿ ಸೇವಂತಿಗೆ ಗದ್ದೆಗಳು ಹಳದಿಯಾಗಿದ್ದವು. ಮಕರ ಸಂಕ್ರಮಣದ ಮಾರಣಕಟ್ಟೆ ಜಾತ್ರೆಗೆ ಈ ಹೂವೇ ಹೋಗಬೇಕು. ನೀವು ಜನವರಿಯಲ್ಲಿ ಈ ಕಡೆ ಬಂದರೆ ಬೀಚಿಗಿಂತ ಮೊದಲು ಇದನ್ನು ನೋಡಿ.

ಆಟ ನೋಡಲು ಹೋದದ್ದು

ಹಾಗೆ ಕುಂದಾಪುರ ಸೇರಿ, ಊಟಕ್ಕೆ ಚಿಕನ್ ಘೀ ರೋಸ್ಟ್ ತಿಂದು (ಅದು ಹುಟ್ಟಿದ್ದೇ ಈ ಊರಲ್ಲಿ, ಬೆಂಗಳೂರಿನಲ್ಲಿ ಸಿಗುವುದಕ್ಕೆ ಬೇರೆ ಹೆಸರಿಡಬೇಕು), ಲಾಡ್ಜಿನ ಕೌಂಟರಿಗೆ ಹೋದೆ. ಮುಂದಿನದ್ದು ನಿಮಗೆ ಗೊತ್ತು.

ಸ್ಥಳೀಯರಿಗೆ ರೂಮ್ ಕೊಡಬಾರದು ಅಂತ ಕಾನೂನು ಏನಿಲ್ಲ. ಲಾಡ್ಜಿನವರು ತಾವೇ ಮಾಡಿಕೊಂಡ ನಿಯಮ. ಊರಲ್ಲಿ ಮನೆ ಇದ್ದವನು ಲಾಡ್ಜಿಗೆ ಯಾಕೆ ಬರುತ್ತಾನೆ? ಕುಡಿಯಲಿಕ್ಕೆ, ಜೂಜಿಗೆ, ಇಲ್ಲಾ ಮನೆಯಲ್ಲಿ ಜಗಳ ಮಾಡಿಕೊಂಡು. ಇದು ಅವರ ಲೆಕ್ಕ. ಹುಡುಗನ ಮೇಲೆ ಸಿಟ್ಟು ಬಂತು, ಆದರೆ ಮೂರನೇ ಕಾರಣ ಅರ್ಧ ನಿಜವೇ ಆಗಿತ್ತು. "ಇಲ್ಲಿ ನಂಗೆ ಮನೆ ಇಲ್ಲ" ಅಂದೆ. ಅವನು ಆಧಾರ್ ಕಾರ್ಡು ನನ್ನ ಕಡೆ ತಿರುಗಿಸಿ ತೋರಿಸಿದ. ಸರ್ಕಾರದ ದಾಖಲೆ ಎದುರು ನನ್ನ ಮಾತು ನಡೆಯುವುದೇ?

ಎರಡನೇ ಲಾಡ್ಜಿನಲ್ಲೂ ಅದೇ ಮಾತು. ಹೊರಗೆ ರಿಕ್ಷಾದವನು ನೋಡುತ್ತಿದ್ದ. "ಎಲ್ಲ್ ಹೋಪುದ್ ಹ್ವಾಯ್?" ಅಂದ. ನಾನು ಅಚ್ಚ ಬೆಂಗಳೂರು ಕನ್ನಡದಲ್ಲಿ "ರೂಮ್ ಸಿಗ್ತಿಲ್ಲ ಸರ್" ಅಂದೆ. ನನಗೇ ನಾಚಿಕೆ ಆಯಿತು. 2022ರಲ್ಲಿ 'ಕಾಂತಾರ' ಬಂದಮೇಲೆ ಆಫೀಸಿನಲ್ಲಿ ಎಲ್ಲರೂ "ನಿಮ್ ಭಾಷೇಲಿ ಒಂದ್ ಡೈಲಾಗ್ ಹೇಳು" ಅಂತ ಕೇಳುತ್ತಿದ್ದರು, ನಾನೂ ಹೇಳಿ ನಗಿಸುತ್ತಿದ್ದೆ. ಮನರಂಜನೆಗೆ ಉಳಿದ ಭಾಷೆ ಅಗತ್ಯಕ್ಕೆ ಬಾಯಿಗೆ ಬರಲಿಲ್ಲ.

ರಿಕ್ಷಾದವನ ಪರಿಹಾರ ಸರಳ: "ಕೋಟದ್ ಬದಿಯಗ್ ಇವತ್ತ್ ಹರಕೆ ಆಟ ಇತ್ತ್. ಊಟವೂ ಇತ್ತ್. ಬೆಳಗಿನ್ ತನ್ಕ ಕೂಕಣಿ, ರೂಮೆಂತಕ್ಕೆ?"

ನಮ್ಮಲ್ಲಿ ಆಟ ಅಂದರೆ ಯಕ್ಷಗಾನ. ಹರಕೆ ಹೊತ್ತವರು ತಮ್ಮ ಮನೆಯ ಹತ್ತಿರದ ಗದ್ದೆಯಲ್ಲಿ ಮೇಳದ ಆಟ ಆಡಿಸುತ್ತಾರೆ. ಬಂದವರಿಗೆಲ್ಲ ಊಟ. ಯಾರು, ಎಲ್ಲಿಯವರು ಅಂತ ಬಾಗಿಲಲ್ಲಿ ಐಡಿ ಕೇಳುವುದಿಲ್ಲ. ಈಗ ಎಷ್ಟೋ ಮೇಳಗಳು ಮಧ್ಯರಾತ್ರಿಗೇ ಮುಗಿಸುತ್ತವೆ. ನನ್ನ ಅದೃಷ್ಟಕ್ಕೆ ಆ ರಾತ್ರಿಯದ್ದು ಬೆಳಗಿನವರೆಗೆ ಇತ್ತು.

ಕೊಯ್ಲಾದ ಗದ್ದೆ, ಕಾಲಿಗೆ ಚುಚ್ಚುವ ಕೂಳೆ, ಪ್ಲಾಸ್ಟಿಕ್ ಕುರ್ಚಿ, ಚೆಂಡೆ. ಬ್ಯಾಗು ಹೊತ್ತು ನಿಂತಿದ್ದ ನನ್ನನ್ನು ಎಪ್ಪತ್ತು ದಾಟಿದ ಒಬ್ಬರು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಐದು ನಿಮಿಷ ಸುಮ್ಮನಿದ್ದರು. ಆಮೇಲೆ ನಾನು ಮೂರು ದಿನದಿಂದ ತಪ್ಪಿಸಿಕೊಂಡು ತಿರುಗುತ್ತಿದ್ದ ಪ್ರಶ್ನೆ ಬಂತು.

"ಯಾರ್ ಮನಿ ಆಯ್ತ್ ನಿಂದ್?"

ಈ ಪ್ರಶ್ನೆ ನಮ್ಮ ಪೀಳಿಗೆಗೆ ಇಷ್ಟವಿಲ್ಲ. ನನಗೂ ಇಲ್ಲ. ಅದರ ಹೊಟ್ಟೆಯಲ್ಲಿ ಜಾತಿ ಯಾವುದು, ಆಸ್ತಿ ಎಷ್ಟು ಅನ್ನುವುದೆಲ್ಲ ಅಡಗಿರುತ್ತದೆ. ಆದರೆ ಭಾರತದ ಮೂವತ್ತೆಂಟು ದಿನದಲ್ಲಿ ಎಲ್ಲರೂ ಕೇಳಿದ್ದು "ಎಲ್ಲಿ ಕೆಲಸ? ಸಂಬಳ ಎಷ್ಟು?" ಅಂತ. ಯಾರ ಮನೆ ಅಂತ ಕೇಳಿದವರು ಇವರೊಬ್ಬರೇ. ಏನು ಹೇಳಲಿ? ಮನೆ ಇಲ್ಲ ಅನ್ನಬೇಕಾ? ಬಾಯಿಂದ ಬಂದದ್ದು ಕಂಡಕ್ಟರಿನ ಮಾತು.

"ಹೆಮ್ಮಾಡಿ ಆಚಿಗ್ ಹಳೆ ಹೋಟ್ಲ್ ಇತ್ತಲ್ಲ... ಅಲ್ಲಿದ್."

ಅವರು ನನ್ನ ಮುಖಕ್ಕೆ ಮೊಬೈಲ್ ಟಾರ್ಚ್ ಹಾಕಿ ನೋಡಿದರು. ಅವರು ಆ ರೂಟಿನಲ್ಲಿ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರಂತೆ. "ಅಜ್ಜಯ್ಯನ ಮೊಮ್ಮಗನಾ! ನಿಮ್ಮ್ ಅಜ್ಜಯ್ಯನ್ ಚಾ ಬರೀ ನೀರ್ ಮರಾಯ. ಬನ್ಸ್ ಮಾತ್ರ ಲಾಯ್ಕಿತ್ತ್" ಅಂದರು.

ಹೊಗಳಿದ್ದರೆ ಕಣ್ಣೀರು ಬರುತ್ತಿತ್ತೇನೋ. ಬೈದದ್ದರಿಂದ ನಗು ಬಂತು. ನಮ್ಮ ಮನೆಯಲ್ಲೂ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಅಜ್ಜಯ್ಯನ ಚಾ ನಿಜಕ್ಕೂ ನೀರೇ. ಅದು ಗೊತ್ತಿದ್ದ ಮನುಷ್ಯ ಸುಳ್ಳು ಹೇಳುತ್ತಿಲ್ಲ.

ಎರಡು ಗಂಟೆಗೆ ನಿದ್ದೆ ತಡೆಯಲಾಗಲಿಲ್ಲ. ಬ್ಯಾಗು ತಲೆಗಿಟ್ಟು ಅವರು ಕೊಟ್ಟ ಪಂಚೆ ಹಾಸಿ ಗದ್ದೆಯಲ್ಲೇ ಮಲಗಿದೆ. ಭಾಗವತರ ಹಾಡು, ಸೊಳ್ಳೆ, ಇಬ್ಬನಿ. ಇಡೀ ಪ್ರವಾಸದಲ್ಲಿ ಅತಿ ಕೆಟ್ಟ ಹಾಸಿಗೆ ಅದು. ಅಷ್ಟು ಒಳ್ಳೆಯ ನಿದ್ದೆ ಮಾತ್ರ ಎಲ್ಲೂ ಬಂದಿರಲಿಲ್ಲ.

ವಾಟ್ಸಾಪ್‌ಗಿಂತ ಫಾಸ್ಟು

ಬೆಳಿಗ್ಗೆ ಒಂಬತ್ತಕ್ಕೆ ಬ್ರಹ್ಮಾವರದ ಬಸ್ ಸ್ಟ್ಯಾಂಡಿನಲ್ಲಿ ಚಾ ಕುಡಿಯುತ್ತಿದ್ದೆ. ಇಲ್ಲಿಂದ ದಕ್ಷಿಣಕ್ಕೆ ಹೋದಂತೆ ಭಾಷೆ ತುಳುವಿಗೆ ತಿರುಗುತ್ತದೆ. ಪಕ್ಕದ ಬೆಂಚಿನವರು ಒಂದು ವಾಕ್ಯ ಕುಂದಾಪ್ರ ಕನ್ನಡ, ಒಂದು ವಾಕ್ಯ ತುಳು, ಬೈಗುಳ ಎರಡರಲ್ಲೂ ಅಂತ ಮಾತಾಡುತ್ತಿದ್ದರು. ಬಾರ್ಕೂರಿಗೆ ಹೋಗುವ ಪ್ಲಾನ್ ಇತ್ತು. ಒಂದು ಕಾಲಕ್ಕೆ ಆಳುಪರ ರಾಜಧಾನಿ ಆಗಿದ್ದ ಊರು, ಈಗ ಹಳ್ಳಿಯ ನಡುವೆ ಕತ್ತಲೆ ಬಸದಿಯ ಕಲ್ಲುಕಂಬಗಳು.

ಫೋನು ಬಂತು. ಸೇವ್ ಇಲ್ಲದ ನಂಬರು. ಡಿಲಿವರಿಯವರು ಅಂದುಕೊಂಡು ಎತ್ತಿದೆ.

"ಊರಗ್ ಬಂದ್ ಲಾಡ್ಜ್ ಹುಡ್ಕತ್ಯಾ? ನಾವ್ ಇಪ್ಪುದ್ ಎಂತಕ್ಕೆ?"

ಚಿಕ್ಕಪ್ಪ. ಆರು ವರ್ಷದ ನಂತರ. ಕಂಡಕ್ಟರಜ್ಜ ಮನೆಗೆ ಹೋಗಿ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ನಾಲ್ಕು ಗಂಟೆಯೊಳಗೆ ಸುದ್ದಿ ಬಾರ್ಕೂರಿನ ಚಿಕ್ಕಪ್ಪನ ಮನೆ ತಲುಪಿತ್ತು. ನಾನು ಏನೋ ತೊದಲಿದೆ. ಅವರು ಜಾಸ್ತಿ ಮಾತಾಡಲಿಲ್ಲ. "ಮಧ್ಯಾಹ್ನ ಉಂಬುಕ್ ಬಾ" ಅಂತ ಹೇಳಿ ಇಟ್ಟರು.

ಹೋಗಬೇಕಾ ಬೇಡವಾ ಅಂತ ಬಸದಿಯ ಮೆಟ್ಟಿಲಲ್ಲಿ ಒಂದು ಗಂಟೆ ಕೂತೆ. ಅಪ್ಪನಿಗೆ ಗೊತ್ತಾದರೆ? ಹೋಗದಿದ್ದರೆ ಮತ್ತೆ ಆರು ವರ್ಷ? ಕೊನೆಗೆ ಹಸಿವು ತೀರ್ಮಾನ ಮಾಡಿತು.

ಸಿನಿಮಾದ ಹಾಗೆ ಏನೂ ಆಗಲಿಲ್ಲ. ಯಾರೂ ಅಳಲಿಲ್ಲ, ಯಾರೂ ಕ್ಷಮೆ ಕೇಳಲಿಲ್ಲ, ಜಾಗದ ವಿಷಯ ಯಾರೂ ಎತ್ತಲಿಲ್ಲ. ಕುಚ್ಚಲಕ್ಕಿ ಅನ್ನ, ಮೀನು ಗಸಿ. ಚಿಕ್ಕಪ್ಪ ಟಿವಿ ನೋಡುತ್ತಾ ಉಂಡರು. ಚಿಕ್ಕಮ್ಮ ಎರಡು ಸಲ ಬಡಿಸಿ ಮೂರನೇ ಸಲ ಕೇಳದೆಯೇ ಹಾಕಿದರು. ಹೊರಡುವಾಗ ಚಿಕ್ಕಪ್ಪ ನನ್ನ ಬ್ಯಾಗನ್ನು ಒಂದು ಕೈಯಲ್ಲಿ ಎತ್ತಿ ನೋಡಿ "ಇಷ್ಟೇ ಆ?" ಅಂದರು. "ಅಪ್ಪಯ್ಯನ ಹತ್ರ ಬೊಂಬಾಯಿಗ್ ಹೋಪತಿಗೆ ಇಷ್ಟೂ ಇರ್ಲಿಲ್ಲ ಅಂಬ್ರ್."

ಅಪ್ಪಯ್ಯ ಅಂದರೆ ನನ್ನ ಅಜ್ಜಯ್ಯ.

ಹೋಗುವವರಿಗೆ ನಾಲ್ಕು ಮಾತು

ಬುಕ್ ಮಾಡುವಾಗ ಆ್ಯಪಿನಲ್ಲಿ ನಿಯಮಗಳ ಜಾಗ ಓದಿ. 'ಲೋಕಲ್ ಐಡಿ ಸ್ವೀಕರಿಸುವುದಿಲ್ಲ' ಅಂತ ಅಲ್ಲೇ ಬರೆದಿರುತ್ತದೆ. ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಜೊತೆಗೆ ವಿದೇಶಿ ಸ್ನೇಹಿತರಿದ್ದರೆ ಅದನ್ನೂ ಮೊದಲೇ ಹೇಳಿ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಯಕ್ಷಗಾನ ಮೇಳಗಳ ತಿರುಗಾಟವೂ ಆಗಲೇ. ಮಳೆಗಾಲದಲ್ಲಿ ಚೆಂದ, ಆದರೆ ಬಟ್ಟೆ ಒಣಗುವುದಿಲ್ಲ, ಕೊಡಚಾದ್ರಿಯಲ್ಲಿ ಇಂಬಳ. ಜೂನ್, ಜುಲೈ ಆಳಸಮುದ್ರ ಮೀನುಗಾರಿಕೆಗೆ ನಿಷೇಧ, ಮೀನಿಗಾಗಿ ಬರುವವರು ನೆನಪಿಡಿ.

ಚಿಲ್ಲರೆ ಇಟ್ಟುಕೊಳ್ಳಿ. ಬಸ್ಸಿನಲ್ಲಿ ಯುಪಿಐ ನಂಬಬೇಡಿ. ಸರ್ಕಾರಿ ಬಸ್ಸು ಇಲ್ಲಿ ಕಡಿಮೆ, ಹಾಗಾಗಿ ಶಕ್ತಿ ಯೋಜನೆಯ ಲೆಕ್ಕ ಹಾಕಿ ಹೊರಟ ಹುಡುಗಿಯರೂ ಟಿಕೆಟಿಗೆ ದುಡ್ಡು ಇಟ್ಟುಕೊಳ್ಳಬೇಕು.

ಕುಂದಾಪುರ ರೈಲ್ವೆ ಸ್ಟೇಷನ್ ಪೇಟೆಯಲ್ಲಿಲ್ಲ, ಮೂಡ್ಲಕಟ್ಟೆಯಲ್ಲಿದೆ. ರಾತ್ರಿ ಇಳಿಯುವವರು ರಿಕ್ಷಾ ನೋಡಿಕೊಳ್ಳಿ.

ಬೆಂಗಳೂರಿಗೆ ಬಂದ ದಿನ ಅಮ್ಮನಿಗೆ ಗೋವಾ ಸುಳ್ಳು ಒಪ್ಪಿಕೊಂಡೆ. ಲಾಡ್ಜಿನ ಕಥೆ ಹೇಳಿದೆ, ಆಟದ ಕಥೆ ಹೇಳಿದೆ. ಚಿಕ್ಕಪ್ಪನ ಮನೆಯ ಊಟದ ವಿಷಯ ಬಂದಾಗ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ, ಆದರೆ ಪುಟವೂ ತಿರುಗಲಿಲ್ಲ. ಅಮ್ಮ ಬಹಳ ಹೊತ್ತು ಬೀನ್ಸ್ ಕೊಯ್ಯುತ್ತಾ ಸುಮ್ಮನೆ ಕೂತರು. ಆಮೇಲೆ ಕೇಳಿದರು:

"ಗಸಿ ಯಾವ್ ಮೀನಿಂದ್?"

"ಬಂಗ್ಡಿ" ಅಂದೆ.

"ಹುಳಿ ಜಾಸ್ತಿ ಹಾಕಿರ್ತಾಳ್ ಅವ್ಳ್" ಅಂದರು ಅಮ್ಮ. ಆರು ವರ್ಷದಲ್ಲಿ ನಮ್ಮ ಮನೆಯಲ್ಲಿ ಚಿಕ್ಕಮ್ಮನ ಬಗ್ಗೆ ಯಾರಾದರೂ ಆಡಿದ ಮೊದಲ ಮಾತು ಅದು.

ಆಧಾರ್ ವಿಳಾಸ ಬದಲಿಸುವ ಪುಟವನ್ನು ಮೊನ್ನೆ ತೆರೆದಿದ್ದೆ. ಓಟಿಪಿ ಬಂತು. ಹಾಕಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಲಾಡ್ಜಿನವರು ಮತ್ತೆ ರೂಮ್ ಇಲ್ಲ ಅನ್ನಲಿ, ನೋಡುವ.